ಕಡುಕು ಕಳಿಸಿದ ಸೋದರಮಾವ

ತಿರುಮಂಗಲಂ
ಅಕ್ಟೋಬರ್ 26, ಶನಿವಾರ

ಸೋರ್ಣಂ ಅಕ್ಕನಿಗೆ,

ಮೊಕ್ಕರಾಸು ಮಾಡುವ ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯೋಣವೆಂದರೆ ಇರುವವನು ನಾನೊಬ್ಬನೇ. ಜ್ವರವಿಲ್ಲ, ಊಟ ಸೇರುತ್ತದೆ, ಅಷ್ಟನ್ನೇ ಕ್ಷೇಮ ಅಂದುಕೋ. ಎರಡು ತಿಂಗಳು ತಡಮಾಡಿ ಬರೆಯುತ್ತಿದ್ದೇನೆ, ತಪ್ಪು ನನ್ನದು. ಆದರೆ ನೀನೂ ಫೋನ್ ಎತ್ತಲಿಲ್ಲ. ಹದಿನಾಲ್ಕು ಸಲ ಮಾಡಿದೆ. ಆಮೇಲೆ ರಿಂಗ್ ಆಗುವುದೇ ನಿಂತುಹೋಯಿತು. ಬ್ಲಾಕ್ ಮಾಡಿದರೆ ಹಾಗಾಗುತ್ತದೆ ಎಂದು ಎದುರಿನ ಮೊಬೈಲ್ ಅಂಗಡಿಯವನು ನಗುತ್ತಾ ಹೇಳಿದ. ಕಾಗದವನ್ನು ಬ್ಲಾಕ್ ಮಾಡಲು ಆಗುವುದಿಲ್ಲವಲ್ಲ. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವನ ಅಕ್ಷರ, ನೀನೇ ತಿದ್ದಿಕೊಂಡು ಓದು.

ಮೊದಲು ಒಂದು ಸುಳ್ಳನ್ನು ಒಪ್ಪಿಕೊಳ್ಳಬೇಕು. ಆವಣಿ ತಿಂಗಳಲ್ಲಿ ನಿನ್ನ ಮಗ ಮುಗಿಲನ್‌ಗೆ ತಲೆ ಬೋಳಿಸಿ ಕಿವಿ ಚುಚ್ಚುವ ದಿನ ಇಟ್ಟೆಯಲ್ಲ, ಅವತ್ತೇ ನನಗೆ ದೊಡ್ಡ ಫೋಟೋ ಕೆಲಸ ಬಂದಿದೆ, ಕೈತುಂಬ ಕೊಡುತ್ತಾರೆ, ಬಿಡಲಾರೆ ಎಂದಿದ್ದೆ. ಕೆಲಸ ಬಂದದ್ದು ನಿಜ. ಕೊಡುತ್ತಾರೆ ಅನ್ನುವುದು ಸುಳ್ಳು. ಅದು ಬಿಟ್ಟಿ ಕೆಲಸ.

ಬೈಪಾಸಿನಲ್ಲಿ ಹೊಸ ಕಲ್ಯಾಣ ಮಂಡಪ ಕಟ್ಟಿದ್ದಾರಲ್ಲ ತವಸಿಯಾಂಡಿ, ಅವರೇ ನನ್ನ ಅಂಗಡಿಗೆ ಬಂದಿದ್ದರು. ಅವರ ಮೊಮ್ಮಗನಿಗೂ ಅದೇ ದಿನ ಕಿವಿ ಚುಚ್ಚುವ ಕಾರ್ಯ. ಸ್ಟೂಲಿನ ಮೇಲೆ ಕೂತು, ಬಾಡಿಗೆ ಬಾಕಿ ಗುರುತು ಹಾಕಿದ ನನ್ನ ಕ್ಯಾಲೆಂಡರು, ಹರಿದ ಪರದೆ ಎಲ್ಲವನ್ನೂ ಒಂದು ಸುತ್ತು ನೋಡಿದರು. "ತಂಬಿ, ಇದೊಂದಕ್ಕೆ ಕಾಸಿನ ಮಾತೆತ್ತಬೇಡ. ಆಮೇಲೆ ನನ್ನ ಮಂಡಪದಲ್ಲಿ ಹಾರ ಬದಲಾಯಿಸೋ ಪ್ರತಿ ಜೋಡಿನೂ ನಿನ್ನ ಕ್ಯಾಮೆರಾ ಮುಂದೇನೇ ನಿಲ್ಲತ್ತೆ" ಎಂದರು.

ಮೂರು ದಿನ ಯೋಚಿಸಿದೆ. ಫೋಟೋ ಕೆಲಸ ಕಲಿಸಿದ ಜೈಲಾನಿ ಭಾಯ್ ಹತ್ತಿರ ಹೋಗಿ ಕೇಳಿದೆ. ಅವರು ಈಗ ಸ್ಟುಡಿಯೋ ಮುಚ್ಚಿ ಮಗಳ ಮನೆಯಲ್ಲಿದ್ದಾರೆ, ಕಣ್ಣು ಸರಿಯಾಗಿ ಕಾಣಿಸುವುದಿಲ್ಲ. "ಲೇ ಮೊಕ್ಕೆ, ಬಿರಿಯಾನಿ ಅಂಗಡಿಯವನು ರುಚಿ ನೋಡು ಅಂತ ಒಂದು ತುಂಡು ಕೊಡ್ತಾನೆ. ಹಂಡೇನೇ ಎತ್ತಿ ಕೊಡ್ತಾನೇನೋ? ಒಂದು ಫೋಟೋ ಬಿಟ್ಟಿ ತೆಗೆದುಕೊಡು. ಆಲ್ಬಂ ಕೊಡಬೇಡ" ಎಂದರು. ಒಂದು ಸಲ ಬಿಟ್ಟಿ ಮಾಡಿದವನ ಬೆಲೆ ಊರಿಗೆಲ್ಲ ಗೊತ್ತಾಗಿಬಿಡುತ್ತದೆ ಎಂದೂ ಹೇಳಿದರು.

ನಾನು ಕೇಳಲಿಲ್ಲ. ನನ್ನ ಅಂಗಡಿಗೆ ಬರುವುದು ಯಾರು ಹೇಳು? ರೇಷನ್ ಕಾರ್ಡಿಗೆ ಮುಖ ಕೊಡುವವರು. ಇಲ್ಲವೆಂದರೆ ಯಾರೋ ಸತ್ತಿದ್ದಾರೆ, ಕಣ್ಣೀರಿನ ಪೋಸ್ಟರಿಗೆ ಹಳೆ ಫೋಟೋ ದೊಡ್ಡದು ಮಾಡಿಕೊಡು ಎಂದು ಅಳುತ್ತಾ ಬರುವವರು. ನಗುವ ಮುಖವನ್ನು ನೋಡಿ ಎಷ್ಟು ತಿಂಗಳಾಗಿತ್ತೋ. ಮಂಡಪ ಸಿಕ್ಕರೆ ಸಾಕು, ಒಂದು ವರ್ಷದಲ್ಲಿ ನಾನೂ ಮನುಷ್ಯನಾಗುತ್ತೇನೆ ಅಂದುಕೊಂಡೆ.

ಮುಗಿಲನ್‌ಗೆ ಇರುವ ಸೋದರಮಾವ ನಾನೊಬ್ಬನೇ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕಿವಿ ಚುಚ್ಚುವಾಗ ಅವನನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕಾದವನು ನಾನೇ ಎಂಬುದೂ ಗೊತ್ತಿತ್ತು. ಆದರೆ ಕಿವಿಗೆ ಹಾಕುವ ಚಿನ್ನದ ಕಡುಕು ಕಳಿಸಿದರೆ ಕಡಮೆಯೇನಿಲ್ಲ ಎಂದು ನನ್ನ ಬುದ್ಧಿಗೆ ತೋಚಿತು. ತಟ್ಟೆ, ಬಟ್ಟೆ, ಬಾಳೆಹಣ್ಣು, ಕಡುಕು ಎಲ್ಲ ಕಟ್ಟಿ, ಇದೇ ಊರಿನಲ್ಲಿರುವ ಭಾವನ ತಮ್ಮ ಸೇವುಗನ ಕೈಯಲ್ಲಿ ಕೊಟ್ಟೆ. ಅವನು ಗಂಟನ್ನು ಕೈಯಲ್ಲೇ ತೂಗಿ ನೋಡಿ, "ತವರಿನ ಉಡುಗೊರೆ, ಸೀರು ಬಂತು. ಮಾವ ಯಾವ ಬಸ್ಸಿಗೆ ಬರ್ತಾನೆ?" ಎಂದ. ಅವನ ಹಲ್ಲು ಉದುರಿಸಬೇಕು ಅನ್ನಿಸಿತು. ಅವನು ಕೇಳಿದ್ದು ಸರಿಯಾಗೇ ಇತ್ತು.

ತವಸಿಯಾಂಡಿ ಮೊಮ್ಮಗನ ಮಾವ ಸಿಂಗಾಪುರದಿಂದ ಬಂದಿದ್ದ, ಅಕ್ಕ. ವಿಮಾನ ಹತ್ತಿ ಬಂದಿದ್ದ. ಮಗುವನ್ನು ಹಿಡಿಯಲು ಬರುತ್ತಿರಲಿಲ್ಲ. ಆಚಾರಿ ಸೂಜಿ ತೆಗೆದ ಕೂಡಲೇ ಮಗು ಚೀರಿತು, ಅವನೂ ಹೆದರಿದ. ನಾನೇ ಹೇಳಿಕೊಟ್ಟೆ: "ತಲೆ ನಿಮ್ಮ ಎದೆಗೆ ಒತ್ತಿಕೊಳ್ಳಿ. ಕಿವಿ ಬೆಳಕಿನ ಕಡೆ ಬರಲಿ. ಬಿಗಿಯಾಗಿ ಹಿಡೀರಿ, ನೋವು ಕಡಮೆಯಾಗತ್ತೆ." ಒಳ್ಳೆಯ ಫೋಟೋ ಬಂತು. ನಾನು ಇದುವರೆಗೆ ತೆಗೆದುದರಲ್ಲೇ ಒಳ್ಳೆಯದು. ಮಾರನೇ ದಿನ ಅದೇ ಫೋಟೋ ಬಸ್ ಸ್ಟ್ಯಾಂಡಿನಲ್ಲಿ ಇಪ್ಪತ್ತಡಿ ಬ್ಯಾನರ್ ಆಗಿ ಎದ್ದಿತು. ಬ್ಯಾನರಿನ ಮೇಲೆ ಅಡುಗೆಯವನ ಹೆಸರಿತ್ತು, ಪೆಂಡಾಲಿನವನ ಹೆಸರಿತ್ತು. ನನ್ನದಿರಲಿಲ್ಲ.

ಆಮೇಲೆ ಆ ಮಂಡಪದಲ್ಲಿ ಏಳು ಮದುವೆ ಆಯಿತು. ಒಂದಕ್ಕೂ ಕರೆಯಲಿಲ್ಲ. ಮಧುರೆಯಿಂದ ಡ್ರೋನ್ ಹಾರಿಸುವವರು ಬರುತ್ತಾರೆ. ಒಂದು ದಿನ ಅವರಲ್ಲೊಬ್ಬ ನನ್ನ ಅಂಗಡಿಗೇ ಬಂದು, "ಅಣ್ಣಾ, ಮಂಡಪದಲ್ಲಿ ಕರೆಂಟಿಲ್ಲ, ಬ್ಯಾಟರಿ ಚಾರ್ಜಿಗೆ ಹಾಕ್ಲಾ?" ಎಂದ. ಹಾಕು ಅಂದೆ. ಏನು ಮಾಡಲಿ?

ಹೋದ ಬುಧವಾರ ತವಸಿಯಾಂಡಿ ಮತ್ತೆ ಕರೆಸಿದರು. ಕಿರಿ ಮಗಳ ಮದುವೆಯಂತೆ. ಎರಡು ದಿನದ ಕೆಲಸ, ಆಲ್ಬಂ ಬೇರೆ. ಇದನ್ನೂ ಹಾಗೇ ಮಾಡಿಕೊಟ್ಟರೆ ಸಂಕ್ರಾಂತಿಯ ತೈ ತಿಂಗಳಿಂದ ಮಂಡಪ ನನ್ನದೇ ಅಂತೆ. ಸುಳ್ಳು ಹೇಳುವುದಿಲ್ಲ, ಅಕ್ಕ. ಆಗಲೂ ಅರ್ಧ ಮನಸ್ಸು ಹೂಂ ಅನ್ನುತ್ತಿತ್ತು. ಈಗ ಇಲ್ಲವೆಂದರೆ ಮೊದಲು ಮಾಡಿದ್ದೂ ಮಣ್ಣುಪಾಲಾಗುತ್ತದೆ. ಅದಕ್ಕಾಗಿ ನಾನು ಬಿಟ್ಟುಕೊಟ್ಟದ್ದು ಏನೆಂದು ನಿನಗೆ ಗೊತ್ತು. ಹೂಂ ಎಂದರೆ ಮಂಡಪ ಸಿಕ್ಕರೂ ಸಿಗಬಹುದು. ಗುರುವಾರವಿಡೀ ಅಂಗಡಿ ಮುಚ್ಚಿಕೊಂಡು ಒಳಗೆ ಕೂತಿದ್ದೆ. ಯಾರೂ ಬಾಗಿಲು ತಟ್ಟಲಿಲ್ಲ.

ಶುಕ್ರವಾರ ಬೆಳಗ್ಗೆ ಹೋಗಿ ನೇರವಾಗಿ ಕೇಳಿದೆ. "ಅಡುಗೆಯವನಿಗೆ ಬಿಟ್ಟಿ ಅಂದ್ರಾ ಅಯ್ಯಾ? ನಾದಸ್ವರದವರಿಗೆ?"

ಅವರಿಗೆ ಸಿಟ್ಟೇ ಬರಲಿಲ್ಲ. ಮಗುವಿಗೆ ಹೇಳುವ ಹಾಗೆ ಹೇಳಿದರು. "ಅವರದ್ದು ಕೆಲಸ, ತಂಬಿ. ನೀನು ಬಟನ್ ಒತ್ತೋದು."

"ಹಾಗಾದ್ರೆ ಒತ್ಕೊಳ್ಳಿ" ಎಂದೆ.

ಎದ್ದು ಬಂದೆ. ಹಿಂದಿನಿಂದ ಅವರು ನಗುತ್ತಾ ಅಲ್ಲಿದ್ದವರಿಗೆ ಏನೋ ಹೇಳುತ್ತಿದ್ದರು. ಬೈಪಾಸಿನ ಉದ್ದಕ್ಕೂ ನಡೆದೇ ಬಂದೆ. ಗೆದ್ದೆ ಅನ್ನಿಸಲೇ ಇಲ್ಲ. ಭಾಯ್‌ಗೆ ಹೇಳೋಣವೆಂದು ಹೋದರೆ ಅವರು ಮಲಗಿದ್ದರು. ಪರೋಟ ಅಂಗಡಿಯವನಿಗೆ ಹೇಳಿದೆ. ಅವನು "ಇನ್ನೊಂದು ಹಾಕ್ಲಾ?" ಎಂದ. ಅಮ್ಮ ಇದ್ದಿದ್ದರೆ ಬೈದಾದರೂ ಕೇಳುತ್ತಿದ್ದಳು. ಈ ಊರಿನಲ್ಲಿ ನನ್ನನ್ನು ಬೈಯುವವರು ಸಹ ಇಲ್ಲ, ಅಕ್ಕ. ಅಮ್ಮ ಹೋದ ಮೇಲೆ ಆ ಕೆಲಸ ನಿನ್ನದಾಗಿತ್ತು. ನೀನೂ ಬಿಟ್ಟೆ.

ಮಂಡಪ ಹೋಯಿತು ಎಂದು ನಿನ್ನ ಹತ್ತಿರ ಅಳಲು ಬರೆದದ್ದಲ್ಲ. ಹೋಗಲಿ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ದಿನವಿಡೀ ನಿಂತು ನಿನ್ನ ಕಾಲು ಊದುತ್ತದೆ ಎಂದು ಕೇಳಿದೆ. ಮಲಗುವಾಗ ಕಾಲ ಕೆಳಗೆ ದಿಂಬಿಟ್ಟುಕೋ. ಭಾವನಿಗೆ ನಮಸ್ಕಾರ ಹೇಳು, ಅವರು ಕೇಳಿಸಿಕೊಂಡರೆ. ಮುಗಿಲನ್ ನೂರು ವರ್ಷ ಬಾಳಲಿ. ಅವನಿಗೆ ನಿನ್ನ ಧೈರ್ಯ ಬರಲಿ. ನನ್ನ ಬುದ್ಧಿ ಬರುವುದು ಬೇಡ.

ನಿನ್ನ ತಮ್ಮ,
ಮೊಕ್ಕರಾಸು

ಮರೆತು ಬಿಟ್ಟದ್ದಲ್ಲ, ಬರೆಯಲು ಕೈ ಬಾರದೆ ಬಿಟ್ಟದ್ದು: ಅವತ್ತು ಬರಲಾರೆ ಎಂದು ಹೇಳಿ ಫೋನ್ ಇಡುವಾಗ, "ಇಲ್ಲಿ ಬೇಗ ಮುಗಿದರೆ ಬೈಕ್ ಹತ್ತಿ ಬಂದೇಬಿಡ್ತೀನಿ" ಅಂದಿದ್ದೆ. ನಿನ್ನ ಅಳು ನಿಲ್ಲಿಸಲು ಅಂದದ್ದು. ಇಲ್ಲಿ ಕಿವಿ ಚುಚ್ಚಿ ಮುಗಿದದ್ದು ಏಳೂವರೆಗೆ. ನಿನ್ನ ಮುಹೂರ್ತ ಹನ್ನೊಂದಕ್ಕೆ. ನಿಮ್ಮ ಕುಲದೇವರ ಗುಡಿಗೆ ದಾರಿ ಎರಡು ಗಂಟೆಯದು. ಊಟದ ಪಂಕ್ತಿಯ ಫೋಟೋನೂ ತೆಗಿ, ದೊಡ್ಡವರಿಗೆ ಪರಿಚಯ ಮಾಡಿಸುತ್ತೇನೆ ಎಂದು ತವಸಿಯಾಂಡಿ ಹೇಳಿದ್ದಕ್ಕೆ ಮೂರು ಗಂಟೆಯವರೆಗೆ ಅಲ್ಲೇ ಇದ್ದೆ. ಯಾರಿಗೂ ಪರಿಚಯ ಮಾಡಿಸಲಿಲ್ಲ.

ಹತ್ತು ದಿನದ ಹಿಂದೆ ಸೇವುಗ ನಿಮ್ಮ ಗುಡಿಯಲ್ಲಿ ಫೋನಿನಿಂದ ತೆಗೆದ ಫೋಟೋ ತಂದಿದ್ದ, ದೊಡ್ಡದು ಮಾಡಿಕೊಡು ಎಂದು. ನಮ್ಮ ಚಿಕ್ಕಪ್ಪನ ಮಗನ ತೊಡೆಯ ಮೇಲೆ ಕೂರಿಸು ಎಂದು ಎಲ್ಲರೂ ಹೇಳಿದರೂ ನೀನು ಕೇಳಲಿಲ್ಲವಂತೆ. "ತಮ್ಮ ಬರ್ತೀನಿ ಅಂದಿದ್ದಾನೆ" ಎಂದು ಆಚಾರಿಯನ್ನು ಮುಹೂರ್ತ ಮೀರುವ ತನಕ ಕಾಯಿಸಿದೆಯಂತೆ. ಕೊನೆಗೆ ನಿನ್ನ ತೊಡೆಯ ಮೇಲೇ ಕೂರಿಸಿಕೊಂಡೆಯಂತೆ. ಫೋಟೋದಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ. ನೀನೊಬ್ಬಳು ಎಡಗಡೆ ನೋಡುತ್ತಿದ್ದೀಯ. ನಿನ್ನ ಮದುವೆಯಾದ ವರ್ಷ ಆ ಗುಡಿಗೆ ಬಂದಿದ್ದೇನೆ, ಅಕ್ಕ. ರಸ್ತೆ ಇರುವುದು ಎಡಗಡೆ.

ಬೇರೆ ಫೋಟೋದಿಂದ ನಿನ್ನ ಮುಖ ತಂದು ಕೂರಿಸು ಎಂದ ಸೇವುಗ. ಹತ್ತು ನಿಮಿಷದ ಕೆಲಸ. ಆಗೋದಿಲ್ಲ, ಬೇರೆ ಅಂಗಡಿಗೆ ಹೋಗು ಎಂದೆ. ಹೋದ. ಇಷ್ಟು ಹೊತ್ತಿಗೆ ನಿಮ್ಮ ಮನೆಯ ಗೋಡೆಯ ಮೇಲೆ ನೀನೂ ಎಲ್ಲರ ಹಾಗೆ ನೆಟ್ಟಗೆ ನೋಡುತ್ತಿರಬಹುದು. ನನ್ನ ಕಂಪ್ಯೂಟರಿನಲ್ಲಿ ಮಾತ್ರ ಇನ್ನೂ ಎಡಗಡೆಗೇ ನೋಡುತ್ತಿದ್ದೀಯ.