ಗುಜರಿಗೆ ಹೋದ ಲಾರಿಗೆ ಬಂದ ಕಾಗದ

ಕುದೂರು
18 ಆಗಸ್ಟ್ 2025

ನಮ್ಮ ಯಜಮಾನರಿಗೆ,

ಸೌಮ್ಯ ಬರೆಯುತ್ತಿದ್ದೇನೆ. ನಿಮ್ಮನ್ನು ಹೀಗೆ ಕರೆಯುವ ಹಕ್ಕು ಇನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಬೇರೆ ಹೇಗೆ ಕರೆಯಬೇಕೆಂದೂ ತಿಳಿಯಲಿಲ್ಲ. ನಾಲ್ಕು ದಿನದಿಂದ ಫೋನಿನಲ್ಲಿ ನಿಮ್ಮ ನಂಬರು ತೆಗೆಯುವುದು, ನೋಡುವುದು, ಇಡುವುದು ಇದೇ ಆಗಿದೆ. ನೀವು ಎತ್ತುವುದಿಲ್ಲವೆಂಬ ಭಯಕ್ಕಿಂತ, ಎತ್ತಿದರೆ ನನಗೆ ಮಾತು ಹೊರಡುವುದಿಲ್ಲವೆಂಬ ಭಯವೇ ಹೆಚ್ಚು. ಅದಕ್ಕೇ ಕಾಗದ. ಅರ್ಧದಲ್ಲಿ ಹರಿದು ಹಾಕಬೇಡಿ.

ಹೋದ ಗುರುವಾರ ಮೆಹಬೂಬ್ ಸಾಹೇಬರು ಮನೆಗೆ ಬಂದಿದ್ದರು. ನಿಮ್ಮ ಲಾರಿ ಮಾಲೀಕರು ನಮ್ಮ ಹೊಸ್ತಿಲು ದಾಟಿದ್ದು, ಅಪ್ಪನನ್ನು ಮಣ್ಣು ಮಾಡಿದ ದಿನ ಬಿಟ್ಟರೆ ಇದೇ ಮೊದಲು. ರಾಮನಗರದಿಂದ ಬೈಕಿನಲ್ಲೇ ಬಂದಿದ್ದರು. ಅವ್ವ ಒಳಗಿಂದ ನೋಡಿ ಮುಖ ತಿರುಗಿಸಿಕೊಂಡಳು. ಅವರು ಕೂರಲಿಲ್ಲ. ಜೇಬಿನಿಂದ ಒಂದು ಕಾಗದ ತೆಗೆದು, "ನೀನು ಓದಿದವಳು ಕಣಮ್ಮ, ನೀನೇ ಓದು. ನಾನು ಅರ್ಥ ಮಾಡ್ಕೊಂಡಿದ್ದು ಸರಿನಾ ಹೇಳು" ಎಂದರು.

ಲಾರಿ ಕಂಪನಿಯ ಕಾಗದ, ಇಂಗ್ಲಿಷಿನಲ್ಲಿತ್ತು. ನಾನು ಮೂರು ಸಲ ಓದಿದೆ. ಆ ಮಾದರಿಯ ಲಾರಿಗಳಲ್ಲಿ ಹಿಂದಿನ ಆಕ್ಸಲನ್ನು ಅಲುಗದಂತೆ ಹಿಡಿದಿಡುವ ಸಸ್ಪೆನ್ಷನ್ ರಾಡಿನ ಬ್ರಾಕೆಟ್ಟು ಬಿರುಕು ಬಿಡಬಹುದಂತೆ. ಲೋಡು ಇದ್ದಾಗ ಅದು ಮುರಿದರೆ ಗಾಡಿ ತಾನಾಗಿಯೇ ಒಂದು ಕಡೆಗೆ ಎಳೆಯಬಹುದಂತೆ. ಅದಕ್ಕೇ ಅಂಥ ಗಾಡಿಗಳನ್ನೆಲ್ಲ ವಾಪಸ್ ಕರೆಸಿ ಪುಕ್ಕಟೆಯಾಗಿ ಬದಲಾಯಿಸಿ ಕೊಡುತ್ತಾರಂತೆ. ಕೆಳಗೆ ಮೆಹಬೂಬ್ ಸಾಹೇಬರ ಎರಡು ಲಾರಿಗಳ ಚಾಸಿಸ್ ನಂಬರು ಇದ್ದವು. ಒಂದು ಈಗ ಪ್ರಕಾಶ್ ಓಡಿಸುತ್ತಿರುವುದು. ಇನ್ನೊಂದು ನಿಮ್ಮದು. ಗುಜರಿಗೆ ಹೋಗಿ ಒಂದೂವರೆ ವರ್ಷವಾದ ಲಾರಿಯನ್ನು ರಿಪೇರಿಗೆ ಕರೆದಿದ್ದಾರೆ. ಕೊನೆಯ ಸಾಲಿನಲ್ಲಿ, ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಎಂದು ಬರೆದಿದ್ದಾರೆ.

ನೀವು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದೀರಿ ಎಂದೆ. ಸಾಹೇಬರು ಅಲ್ಲೇ ಜಗಲಿಯ ಕಂಬ ಹಿಡಿದು ನಿಂತರು. "ಕೆಂಪರಾಜು ಎರಡು ಸಲ ಹೇಳಿದ್ದ ಕಣಮ್ಮ, ಹಿಂದ್ಗಡೆ ಟಣ್ ಟಣ್ ಅಂತೈತೆ ಅಂತ. ಗ್ರೀಸ್ ಹೊಡ್ಸಿ ಮತ್ತೆ ಲೋಡಿಗೆ ಕಳಿಸ್ದೆ. ಪೊಲೀಸರು ಕೇಳ್ದಾಗ ಗಾಡೀಲಿ ಏನೂ ತೊಂದ್ರೆ ಇರ್ನಿಲ್ಲ ಅಂದ್ಬುಟ್ಟೆ. ಆ ಮಾತು ನನ್ನ ಬಾಯಿಂದಾನೇ ಬಂತು" ಎಂದರು. ಅವರನ್ನು ಬೈಯೋಣವೆಂದರೆ ನನಗೆ ಯಾವ ಬಾಯಿ ಇತ್ತು?

ಆಸ್ಪತ್ರೆಯಲ್ಲಿ ಕಾಲಿಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದಾಗ ನೀವು ನನಗೆ ಹೇಳಿದ್ದೂ ಅದೇ. "ನಾನ್ ತಿರುಗಿಸ್ನಿಲ್ಲ ಕಣೇ. ಗಾಡಿನೇ ಎಳ್ಕಂಡೋಯ್ತು. ಹಿಂದ್ಗಡೆ ಏನೋ ಕಿತ್ಕತ್ತು." ಮಾಗಡಿ ದಾಟಿ ಕಲ್ಯದ ಹತ್ತಿರದ ಇಳಿಜಾರಿನಲ್ಲಿ ಜಲ್ಲಿ ತುಂಬಿದ ಲಾರಿ ಮಗುಚಿತ್ತು. ಪಕ್ಕದ ಸೀಟಿನಲ್ಲಿದ್ದ ನಮ್ಮಪ್ಪ ಅಲ್ಲೇ ಹೋಗಿದ್ದರು. ನಾಲ್ಕು ದಿನ ನಮ್ಮ ರಾಮನಗರದ ಮನೆಯಲ್ಲಿದ್ದು ಊರಿಗೆ ಹೊರಟಿದ್ದರು. ನಿಮ್ಮ ಲೋಡೂ ಕುದೂರಿನ ಕಡೆಗೇ ಇತ್ತು, ಹತ್ತಿಕೊಂಡಿದ್ದರು. ನಾನು ನಿಮಗೆ ಏನೆಂದೆ ನೆನಪಿದೆಯಲ್ಲ. ಮನೇಲಿ ಹೆಣ ಐತೆ, ಈಗ್ಲಾದ್ರೂ ಸುಳ್ಳು ಹೇಳ್ಬೇಡಿ ಅಂದೆ. ನೀವು ಗೋಡೆಯ ಕಡೆ ತಿರುಗಿಕೊಂಡಿರಿ. ಆ ಮೇಲೆ ಯಾರು ಏನು ಕೇಳಿದರೂ ಬಾಯಿ ಬಿಡಲಿಲ್ಲ. ತಪ್ಪು ಮಾಡಿದವರ ಮೌನ ಅದು ಎಂದುಕೊಂಡೆ.

ಮದುವೆಯಾಗಿ ಒಂಬತ್ತು ವರ್ಷ ನಿಮ್ಮ ಹೆಸರು ಹಿಡಿದು ಕರೆದವಳಲ್ಲ. ಮೊದಲ ಸಲ ಬಾಯಿ ಬಿಟ್ಟು ಹೇಳಿದ್ದು ಪೊಲೀಸರ ಮುಂದೆ. ಕೆಂಪರಾಜು ಕುಡಿಯುತ್ತಾರೆ, ಎಷ್ಟು ಹೇಳಿದರೂ ಕೇಳದೆ ಸ್ಪೀಡಾಗಿ ಓಡಿಸುತ್ತಾರೆ ಎಂದು ಹೇಳಿ ಸಹಿ ಹಾಕಿದೆ. ನೀವು ಕುಡಿತ ಬಿಟ್ಟು ಆರು ತಿಂಗಳಾಗಿತ್ತು. ಅದು ನನಗೆ ಗೊತ್ತಿತ್ತು. ರಕ್ತ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ. ಆದರೂ ಹೆಂಡತಿಯೇ ಹೇಳಿದ ಮೇಲೆ ಇನ್ನೇನು ಎಂದು ಎಲ್ಲರೂ ನಂಬಿದರು. ಅತಿವೇಗ, ಅಜಾಗರೂಕತೆ ಎಂದು ನಿಮ್ಮ ಮೇಲೆ ಕೇಸು ಹಾಕಿದರು.

ಶನಿವಾರ ನಾನು ರಾಮನಗರಕ್ಕೆ ಹೋದೆ. ಕಾಗದ ಓದಿದರೆ ಸಾಲದು, ಕಣ್ಣಾರೆ ನೋಡಬೇಕು ಅನ್ನಿಸಿತು. ಮೈಸೂರು ರಸ್ತೆಯ ಪಕ್ಕದ ಸರ್ವಿಸ್ ಯಾರ್ಡಿನಲ್ಲಿ ಹತ್ತು ಹನ್ನೆರಡು ಟಿಪ್ಪರುಗಳು ಹಿಂದಿನ ಚಕ್ರ ಬಿಚ್ಚಿಸಿಕೊಂಡು ಸಾಲಾಗಿ ನಿಂತಿದ್ದವು. ಪ್ರಕಾಶನ ಲಾರಿಯ ಬ್ರಾಕೆಟ್ಟನ್ನು ಆಗ ತಾನೇ ಬಿಚ್ಚಿದ್ದರು. ಮೆಕ್ಯಾನಿಕ್ಕು ಡೀಸೆಲ್ ಬಟ್ಟೆಯಲ್ಲಿ ಮಣ್ಣು ಒರೆಸಿ ನನ್ನ ಕೈಗೆ ಕೊಟ್ಟ. ನಮ್ಮ ಮನೆಯ ಗುಂಡುಕಲ್ಲಿನಷ್ಟು ಭಾರ. ಅಂಥ ಕಬ್ಬಿಣದ ಮೂಲೆಯಲ್ಲಿ ಒಂದು ಗೆರೆ. ಬೆರಳು ಸವರಿದರೆ ತಿಳಿಯಲಿಲ್ಲ, ಉಗುರು ಹಾಕಿದಾಗ ಸಿಕ್ಕಿತು. ಇನ್ನು ಹತ್ತು ಟ್ರಿಪ್ಪಿಗೆ ಬರುತ್ತಿತ್ತೋ ಇಲ್ಲವೋ ಎಂದ ಮೆಕ್ಯಾನಿಕ್ಕು. ಪ್ರಕಾಶ ಬಿಚ್ಚಿಟ್ಟ ಚಕ್ರದ ಮೇಲೆ ಕೂತುಬಿಟ್ಟ. "ಹೋದ್ ವಾರ ಹೆಂಡ್ರು ಮಕ್ಳನ್ನ ಇದ್ರಲ್ಲೇ ಕೂರಿಸ್ಕೊಂಡು ಕಬ್ಬಾಳಿಗೆ ಹೋಗ್ಬಂದೆ ಕಣಕ್ಕ" ಎಂದ. ಆಮೇಲೆ, "ಅಣ್ಣ ಆವತ್ತೇ ಹೇಳಿದ್ರು. ನಾವ್ಯಾರೂ ಕಿವಿಗೇ ಹಾಕ್ಕಳ್ಳಿಲ್ಲ" ಎಂದ.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಅತ್ತದ್ದು ಅಪ್ಪನಿಗಾಗಿ ಅಲ್ಲ. ಅಪ್ಪನಿಗಾಗಿ ಅಳುವುದು ಮುಗಿದಿದೆ. ನಿಮ್ಮಕ್ಕ ಸರಸಮ್ಮನವರು ಒಂದು ಸಲ ಫೋನಿನಲ್ಲಿ ಹೇಳಿದ್ದರು, ನೀವು ವಿರೂಪಾಕ್ಷಿಪುರದಿಂದ ಚನ್ನಪಟ್ಟಣಕ್ಕೆ ಹೋಗುವಾಗಲೂ ಬಸ್ಸಿನ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡು ಕೂರುತ್ತೀರಂತೆ. ಅಷ್ಟು ದೊಡ್ಡ ಗಾಡಿಯನ್ನು ಒಂದು ಕೈಯಲ್ಲಿ ತಿರುಗಿಸುತ್ತಿದ್ದವರು. ಈಗ ಅಕ್ಕನ ಮನೆಯ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿಕೊಂಡು, ಕುಂಟುತ್ತ, ಯಾರ ಜೊತೆಗೂ ಮಾತಿಲ್ಲದೆ ಇದ್ದೀರಂತೆ. ಆವತ್ತು ಕೇಳಿ, ಇರಲಿ ಬಿಡಿ ಎಂದಿದ್ದೆ.

ಅವ್ವನಿಗೆ ಎಲ್ಲ ಹೇಳಿದೆ. ಹಿಟ್ಟು ಕಲಸುತ್ತಿದ್ದವಳು ನಿಲ್ಲಿಸಿದಳು. ರಾಗಿ ಹಿಟ್ಟಿನ ಕೈ ಹಾಗೇ ಇತ್ತು. "ಎರಡು ವರ್ಸ ದಿನಾ ಆ ಮಗನ್ನ ಬೈಕಂಡೇ ಉಂಡೆ. ಇನ್ನ ಏನಂತ ಉಣ್ಣಲಿ" ಎಂದಳು. ಅವತ್ತು ಒಲೆ ಹಚ್ಚಲಿಲ್ಲ.

ಇವತ್ತು ಬೆಳಿಗ್ಗೆ ವಕೀಲರನ್ನು ನೋಡಿ ಬಂದೆ. ಕಂಪನಿಯ ಕಾಗದದಿಂದ ಅನುಕೂಲವಾಗುತ್ತದಂತೆ, ಮೆಹಬೂಬ್ ಸಾಹೇಬರೂ ಬಂದು ನಿಜ ಹೇಳಲು ಒಪ್ಪಿದ್ದಾರೆ. ಆದರೆ ನನ್ನ ಹೇಳಿಕೆ ಫೈಲಿನಲ್ಲಿ ಹಾಗೇ ಇದೆಯಲ್ಲ. ಮುಂದಿನ ತಿಂಗಳು ಒಂಬತ್ತನೇ ತಾರೀಕು ಮಾಗಡಿ ಕೋರ್ಟಿನಲ್ಲಿ ನನ್ನನ್ನು ಕರೆಯುತ್ತಾರೆ. ಆವತ್ತು ಹೇಳಿದ್ದು ಸಿಟ್ಟಿನಲ್ಲಿ ಹೇಳಿದ ಸುಳ್ಳು ಎಂದು ಎಲ್ಲರೆದುರು ಹೇಳುತ್ತೇನೆ. ಅದರಿಂದ ನನಗೆ ತೊಂದರೆಯಾಗಬಹುದು ಎಂದರು ವಕೀಲರು. ಆಗಲಿ.

ಮನೆಗೆ ಬನ್ನಿ ಎಂದು ಕರೆಯಲು ಈ ಕಾಗದ ಬರೆಯುತ್ತಿಲ್ಲ. ಕರೆಯುವ ಮುಖ ನನಗಿಲ್ಲ. ನೀವು ಕ್ಷಮಿಸಬೇಕೆಂದೂ ಕೇಳುವುದಿಲ್ಲ. ಒಂಬತ್ತನೇ ತಾರೀಕು ಮಾತ್ರ ಬನ್ನಿ. ನಾನು ಹೇಳುವುದನ್ನು ನೀವು ನಿಮ್ಮ ಕಿವಿಯಲ್ಲೇ ಕೇಳಬೇಕು. ಕೇಳಿ ಆದ ಮೇಲೆ ನನ್ನ ಕಡೆ ನೋಡದೆ ಹೋದರೂ ಸರಿಯೇ.

ಇಂತಿ,
ಸೌಮ್ಯ

ಸಹಿ ಹಾಕಿದ ಮೇಲೆ: ಕಾಗದ ಮಡಿಸಿದೆ, ಅಂಟಿಸಲು ಆಗಲಿಲ್ಲ. ಅಪ್ಪ ಲಾರಿ ಹತ್ತಿಕೊಂಡರು ಎಂದು ಮೇಲೆ ಬರೆದಿದ್ದೇನಲ್ಲ, ಅದು ಪೂರ್ತಿ ನಿಜವಲ್ಲ. ಆವತ್ತು ಅವರು ಚೀಲ ಹಿಡಿದು ಬಸ್ ಸ್ಟಾಂಡಿಗೇ ಹೊರಟಿದ್ದರು. ನೀವು ಹೊರಗೆ ಗಾಡಿ ತೊಳೆಯುತ್ತಿದ್ದಿರಿ. ನಾನೇ ಅಡುಗೆಮನೆಗೆ ಕರೆದು, ಲಾರೀಲೇ ಹೋಗಪ್ಪ, ದಾರೀಲಿ ಎಲ್ಲೂ ನಿಲ್ಲಿಸಿ ಕುಡೀದಂಗೆ ಒಸಿ ನೋಡ್ಕ ಎಂದೆ. ನಿಮ್ಮ ಮೇಲೆ ಕಾವಲಿಗೆ ನಮ್ಮಪ್ಪನನ್ನು ಹತ್ತಿಸಿದವಳು ನಾನು. ನಿಮ್ಮದೇ ತಪ್ಪಾಗಿರಬೇಕಿತ್ತು, ಇಲ್ಲದಿದ್ದರೆ ನನ್ನದಾಗುತ್ತಿತ್ತು. ಇದನ್ನು ಅವ್ವನಿಗೂ ಹೇಳಿಲ್ಲ. ಅಪ್ಪ ಆಗ ನಕ್ಕು ಒಂದು ಮಾತು ಹೇಳಿ, ನನ್ನ ಸಮಾಧಾನಕ್ಕೆಂದೇ ಬಂದು ನಿಮ್ಮ ಪಕ್ಕ ಕೂತರು. ಅದು ನಿಮಗೆ ಸೇರಬೇಕಾದ ಮಾತು: "ಅವ್ನು ಬುಟ್ಬುಟ್ಟವ್ನೆ ಕಣವ್ವ. ನೀನೂ ಬುಟ್ಬುಡು."