ಹಾಲಿನ ಚಮಚ ಬಿದ್ದ ಪಾತ್ರೆ

ಕಿಸ್ಲೇವ್ ಮಾಸ ಹನ್ನೆರಡು, ಮಂಗಳವಾರ

ಅಮ್ಮ ಬಾಗ್ದಾದಿನಿಂದ ಹೊತ್ತು ತಂದ ಪಾತ್ರೆ ಬಾಲ್ಕನಿಯಲ್ಲಿ ಬೋರಲು ಬಿದ್ದಿದೆ. ಎಲ್ಲ ನನ್ನ ಬಾಯಿಂದಲೇ ಆದದ್ದು.

ನಮ್ಮ ಯೆಹೂದಿ ಮನೆಗಳಲ್ಲಿ ಹಾಲು, ಮಾಂಸ ಬೆರೆಯುವಂತಿಲ್ಲ. ಹಾಲಿನ ಸಾಮಾನಿಗೊಂದು ಗೂಡು, ಮಾಂಸದ್ದಕ್ಕೊಂದು ಗೂಡು ಇಟ್ಟಿದ್ದರೂ, ಮಧ್ಯಾಹ್ನ ಆ ಪಾತ್ರೆಯಲ್ಲಿ ಕುದಿಯುವ ಕೋಳಿಸಾರಿಗೆ ಒಲೆ ಮೇಲಿನ ಹಲಗೆಯಿಂದ ಹಾಲಿನ ಚಮಚ ಬಿತ್ತು. ನಮ್ಮ ಗುರು ರಬ್ಬಿ ಶಮ್ಮಾಶರ ಹತ್ತಿರ ಓಡಿದೆ.

“ಆ ಚಮಚ ಬಿಸಿ ಹಾಲು ಕಂಡು ಒಂದು ದಿನ ಆಯ್ತೇನಮ್ಮ?” ಎಂದು ಕೇಳಿದರು.

ನೆನಪಿರಲಿಲ್ಲ. ಹೆದರಿ, “ಇವತ್ತು ಬೆಳಿಗ್ಗೆನೇ ಗುರುಗಳೇ” ಅಂದೆ.

“ದಿನ ಕಳೆದಿದ್ರೆ ಪಾತ್ರೆಗೆ ದೋಷ ಇರ್ತಿರಲಿಲ್ಲ. ಈಗ ಸಾರೂ ಬೇಡ, ಪಾತ್ರೆನೂ ಬೇಡ.”

ಸಾರು ಬೀದಿ ಬೆಕ್ಕುಗಳ ಪಾಲಾಯಿತು. ಸಂಜೆ ಮಗಳು ಮಜಲ್ ಬಂದು, “ಆ ಚಮಚದ ಹಿಡಿ ಅಲ್ಲಾಡುತ್ತೆ ಅಂತ ಶುಕ್ರವಾರಾನೇ ಆ ಹಲಗೆ ಮೇಲೆ ಎತ್ತಿಟ್ಟಿದ್ದೆ ಕಣಮ್ಮ. ಅದನ್ನ ಯಾರು ಹಾಲಿಗೆ ಹಾಕಿದ್ರು?” ಅಂದಳು.

ನನ್ನ ಗಂಡ ಸಾಸೋನನಿಗೆ ನಗು. “ನೆನಪಿಲ್ಲ ಅಂದಿದ್ರೂ ದಿನ ಕಳೆದಿದೆ ಅಂತಲೇ ಲೆಕ್ಕ, ಪಾತ್ರೆ ಉಳೀತಿತ್ತಲ್ಲೇ. ಹೋಗು, ಇನ್ನೊಬ್ಬ ರಬ್ಬೀನ ಕೇಳು. ಊರು ತುಂಬ ಅವರೇ ಇದ್ದಾರೆ.”

“ಒಬ್ರು ಬೇಡ ಅಂದಮೇಲೆ ಇನ್ನೊಬ್ರನ್ನ ಕೇಳೋ ಹಾಗಿಲ್ಲ ಅಂತ ನಿಮಗೆ ಗೊತ್ತಿಲ್ವಾ?”

“ಹಾಗಾದ್ರೆ ಅವರ ಹತ್ರಾನೇ ಹೋಗಿ, ಸುಳ್ಳು ಹೇಳಿದ್ದೆ ಅನ್ನು.”

ಸುಳ್ಳಲ್ಲ ಅದು. ಐದನೇ ಕ್ಲಾಸಿನಲ್ಲೂ ಹೀಗೇ, ಗೊತ್ತಿಲ್ಲ ಅನ್ನಲು ಹೆದರಿ ಏನೋ ಒಂದು ಹೇಳಿ ಏಟು ತಿನ್ನುತ್ತಿದ್ದೆ. ಆಮೇಲೆ ಶಾಲೆಯನ್ನೇ ಬಿಟ್ಟೆ. ಆ ಬುದ್ಧಿ ಮಾತ್ರ ಬಿಡಲಿಲ್ಲ.

ನಾಳೆ ಹೋಗಲೇಬೇಕು. ಮಜಲ್ ಮಾತಾಡಲಿ. ನಾನು ಪಾತ್ರೆ ಹಿಡಿದುಕೊಂಡು ಹಿಂದೆ ನಿಂತಿರುತ್ತೇನೆ. ಅವರು ನನ್ನನ್ನೇ ಏನಾದರೂ ಕೇಳಿದರೆ ಈ ಸಲ ಗೊತ್ತಿಲ್ಲ ಅಂತಲೇ ಹೇಳುತ್ತೇನೆ.