ಹದಿನಾಲ್ಕು ಕಟ್ಟಿಗೆ

ಸುರ್ತಾಂಗ್ ಕಣಿವೆ, ಮೂರನೆಯ ಕಲ್ಮನೆ
ಕ್ರಿ.ಶ. 2314, ಎರಡನೆಯ ಬೇಸಿಗೆಯ ನಲವತ್ತೊಂದನೆಯ ದಿನ

ರಾಣೆಬೆನ್ನೂರಿನ ನೀಲಗಂಗಾ ಹಡಪದ ಅವರಿಗೆ,

ಮೇಲಿನ ತಾರೀಕು ನೋಡಿ ಯಾರೋ ತಮಾಷೆ ಮಾಡಿದ್ದಾರೆ ಎಂದುಕೊಂಡರೆ ತಪ್ಪು ನಿಮ್ಮದಲ್ಲ. ನಮ್ಮಲ್ಲಿ ಬೇಸಿಗೆ ವರ್ಷಕ್ಕೆರಡು ಸಲ ಬರುತ್ತದೆ, ತಿಂಗಳುಗಳ ಲೆಕ್ಕ ಯಾವತ್ತೋ ಬಿಟ್ಟುಹೋಗಿದೆ. ನನ್ನ ಕನ್ನಡವೂ ನಿಮಗೆ ವಿಚಿತ್ರವಾಗಿ ಕಾಣಬಹುದು. ಬಿಸಿಲು ತಾಳಲಾರದೆ ಬಯಲುಸೀಮೆ ಬಿಟ್ಟ ನಮ್ಮ ಹಿರಿಯರು ಈ ಹಿಮಾಲಯದ ಕಣಿವೆಗೆ ಹೊತ್ತು ತಂದ ಭಾಷೆ ಇದು. ಆಡುವುದಕ್ಕೆ ಉಳಿದಿದೆ, ಬರೆಯುವ ರೂಢಿ ತಪ್ಪಿದೆ. ಹಳೆಯ ಪುಸ್ತಕಗಳನ್ನು ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಮಾತಿನಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಮಾಡಿದ ಇನ್ನೊಂದು ತಪ್ಪನ್ನೂ ಹಾಗೆಯೇ ಹೊಟ್ಟೆಗೆ ಹಾಕಿಕೊಳ್ಳಿ ಎಂದು ಕೇಳುವ ಧೈರ್ಯ ನನಗಿಲ್ಲ.

ನನ್ನ ಹೆಸರು ಪಾರವ್ವ ಸುರ್ತಾಂಗಿ. ಮೂವತ್ತೊಂದು ವರ್ಷದಿಂದ ಈ ಕಲ್ಮನೆಯನ್ನು ನೋಡಿಕೊಂಡಿದ್ದೇನೆ. ಕಲ್ಮನೆ ಎಂದರೆ ನೀವು ಒಂದು ರಾತ್ರಿ ತಂಗಿದ್ದ ಅದೇ ಕುರಿಗಾಹಿಗಳ ಗುಡಿಸಲು, ತಗ್ಗು ಬಾಗಿಲು, ಹೊಗೆ ಹಿಡಿದ ತೊಲೆ. ಈ ಕಾಲುದಾರಿಯಲ್ಲಿ ಅಂಥವು ಏಳಿವೆ. ಕೆಲಸದಿಂದ ನಿವೃತ್ತರಾಗುವವರು, ತಂಗಿದವರು ಬರೆದಿಡುವ ಗುಡಿಸಲಿನ ಪುಸ್ತಕದಲ್ಲಿ ಹೆಸರಿರುವ ಹಿಂದಿನವರೊಬ್ಬರಿಗೆ ಕಾಗದ ಬರೆದು ತೊಲೆಗೆ ಕಟ್ಟಿ ಹೋಗಬೇಕೆಂಬುದು ನಮ್ಮ ಪದ್ಧತಿ. ಅದನ್ನು ಹಿಂದೋಲೆ ಎನ್ನುತ್ತೇವೆ. ತಲುಪುತ್ತದೆಂದು ಯಾರೂ ನಂಬಿಲ್ಲ. ಹೆಚ್ಚಿನವರು ಹವೆ ಚೆನ್ನಾಗಿದೆ, ದಾರಿ ಚೆನ್ನಾಗಿದೆ ಎಂದು ನಾಲ್ಕು ಸಾಲು ಗೀಚಿ ಕೈ ತೊಳೆದುಕೊಳ್ಳುತ್ತಾರೆ. ನಾನೂ ಹಾಗೇ ಮಾಡುವವಳಿದ್ದೆ.

ನೀವು 2026ರ ಜೂನ್‌ನಲ್ಲಿ ಬರೆದದ್ದು ನನಗೆ ಬಾಯಿಪಾಠವಾಗಿದೆ. "ಯಾರೋ ಇಟ್ಟುಹೋದ ಕಟ್ಟಿಗೆಯಿಂದ ನಾವು ಐವರೂ ಈ ರಾತ್ರಿ ಬದುಕಿದೆವು. ಮುಂದೆ ಬರುವವರಿಗೆ ಹದಿನಾಲ್ಕು ಇಟ್ಟಿದ್ದೇವೆ. ಒಣಗಿವೆ." ಅದಾದ ಮೇಲೆ ಗುಡ್ಡ ಕುಸಿದು ದಾರಿ ಮುಚ್ಚಿತು. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಯಾರೂ ಇತ್ತ ಬರಲಿಲ್ಲ. ದಾರಿ ಬಿಡಿಸಿದವರು ಬಾಗಿಲು ತೆಗೆದಾಗ ಪುಸ್ತಕ ಇತ್ತು, ನಿಮ್ಮ ಸಾಲುಗಳಿದ್ದವು, ಒಲೆಯ ಪಕ್ಕ ಹಸಿರು ಲೇಸಿನಿಂದ ಕಟ್ಟಿದ ಹದಿನಾಲ್ಕು ಕಟ್ಟಿಗೆಯೂ ಇದ್ದವು. ಆ ಲೇಸು ಯಾವ ಹರಕೆಯದು ಎಂದು ನಮ್ಮ ವಿದ್ವಾಂಸರು ಎರಡು ದಪ್ಪ ಗ್ರಂಥ ಬರೆದಿದ್ದಾರೆ. ನೀವು ಒಂದು ಬೂಟನ್ನು ಸಡಿಲ ಬಿಟ್ಟುಕೊಂಡು ಕೆಳಗಿಳಿದಿರಬೇಕೆಂದು ನನಗೆ ಮೊದಲಿಂದಲೂ ಅನುಮಾನ.

ನಮ್ಮ ಕಾಲದಲ್ಲಿ ಕಟ್ಟಿಗೆ ಸುಡುವುದು ಅಪರಾಧ. ಮರ ಕಡಿದವರು ಮೂರು ವರ್ಷ ಸಸಿ ನೆಡಬೇಕು. ಅಡುಗೆಗೂ ಬೆಚ್ಚಗಿರುವುದಕ್ಕೂ ಶಾಖಗಲ್ಲು ಇದೆ. ಹಗಲಿಡೀ ಬಿಸಿಲು ಕುಡಿದು ರಾತ್ರಿ ಕಾವು ಬಿಡುವ ಕಪ್ಪು ಹಲಗೆ ಅದು, ಮನೆಗೊಂದು. ಹಿಮವನ್ನು ನಾನು ಕಳೆದ ವರ್ಷದವರೆಗೆ ನೋಡಿರಲೇ ಇಲ್ಲ. ಚಳಿ ಎಂದರೆ ಬೆಳಗಿನ ಜಾವ ಒಂದು ಶಾಲು ಹೊದ್ದುಕೊಳ್ಳುವಷ್ಟು. ಜನ ಕೆಳಗಿನಿಂದ ನಡೆಚೀಟಿ ಹಿಡಿದು ಬರುತ್ತಾರೆ. ದಿನಕ್ಕೆ ನಲವತ್ತೇ ಮಂದಿಗೆ ದಾರಿ ತುಳಿಯುವ ಅನುಮತಿಯಾದ್ದರಿಂದ ಅದನ್ನು ಪಡೆಯಲು ಐದಾರು ವರ್ಷ ಕಾಯುತ್ತಾರೆ. ಅವರಿಗೆ ನಾನು ತೊಲೆ ತೋರಿಸುತ್ತಿದ್ದೆ, ಒಲೆ ತೋರಿಸುತ್ತಿದ್ದೆ, ಕೊನೆಗೆ ಎಲ್ಲರನ್ನೂ ಸುಮ್ಮನಿರಿಸಿ ನಿಮ್ಮ ಕಟ್ಟು ತೋರಿಸುತ್ತಿದ್ದೆ. ಮುಂದಿನವರಿಗಾಗಿ ಇಟ್ಟದ್ದು ಎಂದು ದನಿ ತಗ್ಗಿಸಿ ಹೇಳುತ್ತಿದ್ದೆ. ಆ ಮುಂದಿನವರು ಯಾರು ಎಂದು ನಾನು ಒಂದು ದಿನವೂ ಯೋಚಿಸಲಿಲ್ಲ. ಕಟ್ಟಿನ ಮುಂದೆ ದೇವದಾರಿನ ಹಲಗೆ ನಿಲ್ಲಿಸಿ, ಮುಟ್ಟಬೇಡಿ ಎಂದು ನನ್ನ ಕೈಯಾರೆ ಕೆತ್ತಿದೆ. ಅಕ್ಷರ ಚೆನ್ನಾಗಿ ಬಂದಿದ್ದವು. ಅದರ ಬಗ್ಗೆ ನನಗೆ ಜಂಬವಿತ್ತು.

ಇಲ್ಲಿ ಅಂಗ್ರೂಪ್ ಎಂಬ ದಾರಿಗಾರನಿದ್ದ. ಜರಿದ ಕಲ್ಲು ಜೋಡಿಸುವುದು, ನೀರು ಕೊರೆದ ಕಡೆ ಮಣ್ಣು ತುಂಬುವುದು, ಹೀಗೆ ಏಳೂ ಕಲ್ಮನೆಗಳ ನಡುವಿನ ದಾರಿಯನ್ನು ರಿಪೇರಿ ಮಾಡುವುದು ಅವನ ಕೆಲಸ. ಮೂಲತಃ ಈ ಬೆಟ್ಟದವನೇ. ನಮ್ಮೊಂದಿಗೆ ಬೆಳೆದು ನಮಗಿಂತ ಸೊಗಸಾಗಿ ನಮ್ಮ ಮಾತಾಡುತ್ತಿದ್ದ. ನಾಲ್ಕು ವರ್ಷದ ಹಿಂದೆ ಒಂದು ಸಂಜೆ ಮಳೆಯಲ್ಲಿ ನೆನೆದು ಒಳಗೆ ಬಂದ. ಹದಿನೈದು ಜನ ನೋಡುಗರು ಕೂತಿದ್ದರು. ಅವನು ಕೈ ಉಜ್ಜಿಕೊಳ್ಳುತ್ತ, "ಪಾರವ್ವ, ಬೆರಳು ಸೆಟದಾವ. ಎರಡು ಕಟ್ಟಿಗಿ ಹಚ್ಚಲೇನು?" ಅಂದ. ತಮಾಷೆಗೇ ಅಂದಿರಬೇಕು. ನಾನು ಎಲ್ಲರೆದುರು, "ಮುನ್ನೂರು ವರ್ಷದ್ದದು. ನಿನ್ನ ಬೆರಳಿಗಿಂತ ಹೆಚ್ಚಿಂದು," ಎಂದುಬಿಟ್ಟೆ. ನೋಡುಗರು ನಕ್ಕರು. ಅವನೂ ನಕ್ಕು, "ಆತು ಬಿಡವ್ವ, ತಪ್ಪಾತು," ಎಂದು ಹಲಗೆಗೆ ಕೈಮುಗಿದು ಹೊರಗೆ ಹೋಗಿ ನಿಂತ.

ಕಳೆದ ವರ್ಷ ನಾನು ಕೆಳಗೆ ಊರಿಗೆ ಹೋಗಿದ್ದಾಗ ಹಿಮ ಬಿತ್ತು. ಅರವತ್ತು ವರ್ಷದಲ್ಲಿ ಬೀಳದ ಹಿಮ ಮೂರು ದಿನ ಒಂದೇ ಸಮ ಬಿತ್ತು. ಅಂಗ್ರೂಪ್ ದಾರಿಯಲ್ಲಿದ್ದವನು ಇಲ್ಲಿಗೆ ಬಂದು ಸೇರಿಕೊಂಡ. ಬಿಸಿಲಿಲ್ಲದೆ ಎರಡನೆಯ ದಿನಕ್ಕೇ ಶಾಖಗಲ್ಲು ಆರಿತು. ನಾವು ಮೇಲೆ ಬಂದದ್ದು ನಾಲ್ಕನೆಯ ದಿನ ಮಧ್ಯಾಹ್ನ. ಅವನು ಒಲೆಯ ಮುಂದೆ ಮೊಣಕಾಲು ಅಪ್ಪಿಕೊಂಡು ಕೂತಿದ್ದ. ಉಸಿರಿರಲಿಲ್ಲ. ಜೇಬಿನಲ್ಲಿ ಕಿಡಿಕೋಲು ಇತ್ತು, ಒತ್ತಿದರೆ ಈಗಲೂ ಹತ್ತುತ್ತದೆ. ನಿಮ್ಮ ಕಟ್ಟು ಅವನಿಂದ ಒಂದು ಮೊಳ ದೂರದಲ್ಲಿತ್ತು, ಗಂಟು ಹಾಕಿದ್ದು ಹಾಕಿದ ಹಾಗೆ. ಕೊನೆಯ ರಾತ್ರಿಯೊಂದು ಬೆಚ್ಚಗಿದ್ದರೆ ಸಾಕಿತ್ತು ಎಂದು ವೈದ್ಯರು ಹೇಳಿದರು.

ಪುಸ್ತಕದಲ್ಲಿ ಅವನು ಬರೆದಿದ್ದ: "ಕಲ್ಲು ಆರೇತಿ. ಹಿಮ ಬಿಡವಲ್ದು. ಕಟ್ಟು ಮುಟ್ಟಿಲ್ಲ ಅಂತ ಪಾರವ್ವಗ ಹೇಳ್ರಿ."

ಇದನ್ನು ಎಷ್ಟು ಸಲ ಓದಿದ್ದೇನೋ. ಸಿಟ್ಟಿನಿಂದ ಬರೆದನೋ, ನನ್ನ ಮಾತಿಗೆ ಬೆಲೆ ಕೊಟ್ಟು ಬರೆದನೋ ಇವತ್ತಿಗೂ ತಿಳಿಯುವುದಿಲ್ಲ. ಸಿಟ್ಟು ಎಂದಾಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ದಾರಿ ಮಂಡಳಿಯವರು ವಿಚಾರಣೆ ಮಾಡಿ, ಅಂಥ ಹೊತ್ತಿನಲ್ಲೂ ಪುರಾತನ ವಸ್ತುವಿಗೆ ಧಕ್ಕೆಯಾಗಲಿಲ್ಲವೆಂದು ನನಗೆ ಪ್ರಶಂಸಾಪತ್ರ ಕೊಟ್ಟರು. ನಾನು ಎರಡೂ ಕೈ ಚಾಚಿ ತೆಗೆದುಕೊಂಡೆ. ಅವನ ಹೆಂಡತಿ ಡೋಲ್ಮಾ ಮಾತ್ರ ಇಲ್ಲಿಗೆ ಬಂದು ಆ ಕಟ್ಟನ್ನು ಬಹಳ ಹೊತ್ತು ನೋಡಿ, "ಇದ ಏನು ಆ ಕಟ್ಟು?" ಎಂದು ಕೇಳಿದಳು. ಮೂವತ್ತು ವರ್ಷ ಸಾವಿರಾರು ಜನರಿಗೆ ಅದನ್ನೇ ವಿವರಿಸಿದವಳು ಅವಳಿಗೆ, "ಹೂಂ, ಇದ," ಎಂದಷ್ಟೇ ಹೇಳಿದೆ.

ನೀಲಗಂಗಾ ಅವರೇ, ನೀವು ಕೊಟ್ಟದ್ದನ್ನು ನಾನು ಕೊಡಲಿಲ್ಲ. ಅವನಿಗೆ ಸೇರಬೇಕಾದ್ದನ್ನು ಪೂಜೆಯ ಸಾಮಾನು ಮಾಡಿ ಅವನ ಕಣ್ಣೆದುರಿಗೇ ಅದಕ್ಕೆ ಕಾವಲು ಕೂರಿಸಿದೆ. ನನ್ನ ಹಲಗೆಯೇ ಅವನನ್ನು ಕೊಂದಿತು. ಬೇರೆ ಯಾರೂ ಹಾಗೆ ಅನ್ನುವುದಿಲ್ಲ, ಆದ್ದರಿಂದ ನಾನೇ ಅನ್ನುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಆ ಹಲಗೆಯನ್ನು ಕಿತ್ತು ಕೊಡಲಿಯಿಂದ ಸೀಳಿದೆ. ಮೂರು ತುಂಡಾಯಿತು. ನಿಮ್ಮ ಲೇಸು ಬಿಚ್ಚಿ ಅವನ್ನೂ ಸೇರಿಸಿ ಕಟ್ಟಿದ್ದೇನೆ, ಈಗ ಹದಿನೇಳು. ಅಂಗ್ರೂಪನ ಕಿಡಿಕೋಲನ್ನು ಡೋಲ್ಮಾ ಕೊಟ್ಟಳು, ಅದನ್ನು ಮೇಲಿಟ್ಟಿದ್ದೇನೆ. ನನ್ನ ಬದಲಿಗೆ ನಾಡಿದ್ದು ಬರುವ ಹೊಸಬರು ಹೊಸ ಹಲಗೆ ನಿಲ್ಲಿಸುತ್ತಾರೆ, ಅದು ಇನ್ನೂ ಗಟ್ಟಿಯಾಗಿರುತ್ತದೆ. ನಾನು ಏನು ಬರೆದಿಟ್ಟರೂ ತಪ್ಪು ಮಾಡಿದ ಮುದುಕಿಯ ಮಾತೆಂದು ಪಕ್ಕಕ್ಕಿಡುತ್ತಾರೆ. ನಿಮ್ಮ ಮಾತನ್ನು ಪಕ್ಕಕ್ಕಿಡುವ ಧೈರ್ಯ ಮಾತ್ರ ಇಲ್ಲಿ ಯಾರಿಗೂ ಇಲ್ಲ.

ಅದಕ್ಕೇ ಒಂದು ಬೇಡಿಕೆ. ಗುಡ್ಡ ಕುಸಿಯುವ ಮೊದಲು ನೀವು ಇನ್ನೊಮ್ಮೆ ಈ ದಾರಿ ಹತ್ತಿದರೆ, ನಿಮ್ಮ ಮೂರು ಸಾಲಿನ ಕೆಳಗೆ ಇನ್ನೊಂದು ಸಾಲು ಬರೆಯಿರಿ. ಚಳಿಯಾದರೆ ಸುಟ್ಟುಬಿಡಿ ಎಂದು ಬರೆಯಿರಿ, ಅಷ್ಟು ಸಾಕು. ಅಲ್ಲಿ ಎರಡು ಬೆರಳಿನಷ್ಟು ಜಾಗ ಖಾಲಿಯಿದೆ. ಇಷ್ಟು ಬರೆದು ಪೆನ್ನು ಕೆಳಗಿಟ್ಟು ಪುಸ್ತಕ ತೆರೆದು ನೋಡಿದೆ. ಇನ್ನೂ ಖಾಲಿಯೇ ಇದೆ.

ಪಾರವ್ವ